ಹಕ್ಕಿನಾಯಿ ಜೊತೆ ಮಿಷಿಗನ್ ವಸಂತ: ವುಡ್‌ಕಾಕ್ ಮರಿಗಳಿಗೆ ಉಂಗುರ, ನಡುವೆ ಸ್ಪರ್ಧೆ

ಲಾನ್ಸಿಂಗ್‌ವಾಸಿ · ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ಬೇಟೆನಾಯಿಗಳ ಬಗ್ಗೆ ಇಲ್ಲಿ ಮಾತು ಬಂದಾಗ, "ನಿಮ್ಮ ನಾಯಿಗಳು ವಸಂತದಲ್ಲಿ ಕಾಡಿಗೆ ಹೋಗಿ ಮಾಡೋದಾದ್ರೂ ಏನು, ಆಗ ಬೇಟೆನೇ ಇಲ್ವಲ್ಲ" ಅಂತ ಒಬ್ಬರು ಕೇಳಿದ್ರು. ಸೀಸನ್ ಈಗ ಶುರುವಾಗ್ತಾ ಇದೆ, ಅದಕ್ಕೇ ಬರೀತಿದ್ದೀನಿ.

ನಾನಿರೋದು ಮಿಷಿಗನ್ ರಾಜ್ಯದಲ್ಲಿ. ಮನೆಯಲ್ಲಿ ಎರಡು ನಾಯಿ. ದೊಡ್ಡವಳು ಹೊನ್ನಿ, ಇಂಗ್ಲಿಷ್ ಸೆಟ್ಟರ್. ಚಿಕ್ಕವನು ಕೆಂಚ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಇನ್ನೂ ವರ್ಷ ತುಂಬಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮ ವಾರಾಂತ್ಯಗಳೆಲ್ಲ ಒಂದೇ ಹಕ್ಕಿಯ ಸುತ್ತ ತಿರುಗುತ್ತವೆ: ಅಮೆರಿಕನ್ ವುಡ್‌ಕಾಕ್.

ವುಡ್‌ಕಾಕ್ ಜಾತಿಯಲ್ಲಿ ಕಡಲತೀರದ ಹಕ್ಕಿಗಳ ಬಳಗಕ್ಕೆ ಸೇರಿದ್ದು, ಆದರೆ ಬದುಕೋದು ಒದ್ದೆ ಕಾಡಿನಲ್ಲಿ. ಗಿಡ್ಡ ಕತ್ತು, ಉದ್ದ ಕೊಕ್ಕು, ಮೈತುಂಬ ಒಣ ಎಲೆಯ ಬಣ್ಣ. ಎರೆಹುಳವೇ ಮುಖ್ಯ ಆಹಾರ. ಕೊಕ್ಕನ್ನು ಮಣ್ಣಿಗೆ ಚುಚ್ಚಿದ ಮೇಲೆ ತುದಿಯನ್ನು ಮಾತ್ರ ತೆರೆದು ಹುಳವನ್ನು ಹಿಡಿಯುತ್ತೆ. ಕಣ್ಣುಗಳು ತಲೆಯ ಹಿಂದಕ್ಕೆ, ಮೇಲಕ್ಕೆ ಕೂತಿವೆ. ಹಾಗಾಗಿ ತಲೆ ಬಗ್ಗಿಸಿ ತಿನ್ನುವಾಗಲೂ ಸುತ್ತಲಿನದೆಲ್ಲ ಕಾಣುತ್ತೆ. ಚಳಿಗಾಲವನ್ನು ಲೂಯಿಸಿಯಾನಾ, ಟೆಕ್ಸಸ್ ಕಡೆ ಕಳೆದು ಮಾರ್ಚ್‌ನಲ್ಲಿ, ಹಿಮ ಪೂರ್ತಿ ಕರಗೋ ಮುಂಚೆಯೇ ಇಲ್ಲಿಗೆ ಬರುತ್ತೆ.

ತಾಯಿ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತೆ, ಸಾಮಾನ್ಯವಾಗಿ 4. ಮೂರು ವಾರ ಕಾವು. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ನಡೆದು ಗೂಡು ಬಿಟ್ಟುಹೋಗುತ್ತೆ. ಆಮೇಲೆ ಆ ಮರಿಗಳನ್ನು ಹುಡುಕೋದು ಮನುಷ್ಯನ ಕಣ್ಣಿಗೆ ಹೆಚ್ಚುಕಡಿಮೆ ಆಗದ ಮಾತು. ನಾಯಿ ಬೇಕಾಗೋದು ಇಲ್ಲಿ. ತರಬೇತಾದ ನಾಯಿ ತಾಯಿ ಹಕ್ಕಿಯ ವಾಸನೆ ಹಿಡಿದು ನಿಂತುಬಿಡುತ್ತೆ. ನಾವು ಮರಿಗಳನ್ನು ಹುಡುಕಿ, ಕಾಲಿಗೆ ನಂಬರ್ ಇರೋ ಲೋಹದ ಉಂಗುರ ತೊಡಿಸಿ, ಅಲ್ಲೇ ಬಿಟ್ಟು ಬರ್ತೀವಿ. ಮಿಷಿಗನ್‌ನಲ್ಲಿ ಸ್ವಯಂಸೇವಕರು ಈ ಕೆಲಸವನ್ನು 1960ರಿಂದ ಮಾಡ್ತಾ ಬಂದಿದ್ದಾರೆ. ಆಂಡಿ ಅಮ್ಮನ್ ಅನ್ನೋ ವನ್ಯಜೀವಿ ತಜ್ಞರು ನಾಯಿ ಬಳಸಿ ಮರಿ ಹುಡುಕೋ ವಿಧಾನವನ್ನು ತಿದ್ದಿ ತೀಡಿ ಬೇರೆಯವರಿಗೂ ಕಲಿಸಿದರು. ಇವತ್ತಿಗೂ ನಾವು ನಡೆಯೋದು ಅವರ ದಾರಿಯಲ್ಲೇ.

ಇದರ ಜೊತೆಗೆ ಪರೀಕ್ಷೆ, ಸ್ಪರ್ಧೆಗಳ ಕಾಲವೂ ಇದೇ. ಎರಡನ್ನೂ ಒಂದೇ ನಾಯಿ ಕೈಲಿ ಮಾಡಿಸಬಹುದಾ ಅನ್ನೋದು ಇಲ್ಲಿ ಹಳೇ ಚರ್ಚೆ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಪ್ರಶ್ನೆಗಳಿದ್ರೆ ಕೇಳಿ.

ಮುಧೋಳದವ · ಏಪ್ರಿಲ್ 9

ಅಕ್ಕಾರ, ಭಾಳ ಚಲೋ ಬರದೀರಿ. ಒಂದ್ ಮಾತ್ ಕೇಳ್ತೀನ್ರಿ. ನಮ್ ಕಡೆ ನಾಯಿ ಅಂದ್ರ ಬೇಟಿ ಕಣ್ಣಿಗೆ ಬಿತ್ತು ಅಂದ್ರ ಬಾಣ ಬಿಟ್ಟಂಗ ಹೋಗ್ತಾವ. ಮುಧೋಳ ನಾಯಿನ ತಡದು ನಿಲ್ಸೂದು ಯಾರ್ ಕೈಲೂ ಆಗೂದಿಲ್ಲ. ನಿಮ್ ನಾಯಿ ಹಕ್ಕಿ ಮುಂದ ಹೋಗಿ ಸುಮ್ನ ನಿಂದರತೈತಿ ಅಂದ್ರ ಹೆಂಗ್ರಿ? ಹೊಡದು ಬಡದು ಕಲಸ್ತೀರೇನು?

ಲಾನ್ಸಿಂಗ್‌ವಾಸಿ · ಏಪ್ರಿಲ್ 10

@ಮುಧೋಳದವ ತಮ್ಮಾ, ಒಳ್ಳೇ ಪ್ರಶ್ನೆ. ಹೊಡೆದು ಕಲಿಸೋ ಮಾತೇ ಇಲ್ಲ. ನಿಲ್ಲೋದು ತಳಿಯಲ್ಲೇ ಬಂದಿರೋ ಗುಣ. ಎಂಟು ವಾರದ ಸೆಟ್ಟರ್ ಮರಿಯ ಮುಂದೆ ಕೋಲಿಗೆ ದಾರ ಕಟ್ಟಿ ಹಕ್ಕಿ ರೆಕ್ಕೆ ಆಡಿಸಿದ್ರೆ, ಯಾರೂ ಹೇಳಿಕೊಡದೇ ಒಂದು ಕ್ಷಣ ಹಾಗೇ ನಿಂತುಬಿಡುತ್ತೆ.

ನಿಮ್ಮ ಮುಧೋಳ ಕಣ್ಣಿನ ನಾಯಿ. ಬಯಲುಸೀಮೆಯಲ್ಲಿ ದೂರದ ಮೊಲ ನೋಡಿ ಓಡಿ ಹಿಡಿಯೋದಕ್ಕೇ ಹುಟ್ಟಿದ್ದು. ಸೆಟ್ಟರ್, ಪಾಯಿಂಟರ್, ಬ್ರಿಟನಿ ಇವೆಲ್ಲ ಮೂಗಿನ ನಾಯಿಗಳು. ದಟ್ಟ ಪೊದೆಯಲ್ಲಿ ಕಣ್ಣಿಗೆ ಏನೂ ಕಾಣಲ್ಲ, ಗಾಳಿಯಲ್ಲಿ ತೇಲಿಬರೋ ವಾಸನೆಯೇ ದಾರಿ. ವಾಸನೆ ತೀರಾ ಹತ್ತಿರ ಅನ್ನಿಸಿದ ಕೂಡಲೇ ನಿಂತುಬಿಡಬೇಕು. ಆ ನಿಲುವಿಗೆ ಇಲ್ಲಿ 'ಪಾಯಿಂಟ್' ಅಂತಾರೆ.

ಕಲಿಸಬೇಕಾಗಿರೋದು ಅದರ ಮುಂದಿನದು. ಹಕ್ಕಿ ಹಾರಿದರೂ ಹೆಜ್ಜೆ ಎತ್ತಬಾರದು. ಎರಡು ಮೂರು ವರ್ಷ ಹಿಡಿಯುತ್ತೆ. ಉದ್ದ ಹಗ್ಗ, ಪಂಜರದಲ್ಲಿಟ್ಟ ಪಾರಿವಾಳ, ದಿನಾ ಅದೇ ಮಾತು, ಅದೇ ತಾಳ್ಮೆ. ಹಕ್ಕಿ ಹಾರೋದಕ್ಕೂ ತಾನು ಓಡೋದಕ್ಕೂ ಸಂಬಂಧ ಇಲ್ಲ ಅಂತ ನಾಯಿಗೆ ಗಟ್ಟಿಯಾದ ಮೇಲೇ ಅದು ಮರಿಗಳಿರೋ ಕಾಡಿಗೆ ಕಾಲಿಡೋದು.

ಹೆಸರಘಟ್ಟ_ಹಕ್ಕಿ · ಏಪ್ರಿಲ್ 10

ಮೇಡಂ, ಓದಿ ಸಂತೋಷವಾಯಿತು. ಆದರೆ ನನ್ನ ಕಳವಳವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನಾವು ವರ್ಷವರ್ಷವೂ ನೋಡುವುದು ಒಂದೇ: ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ದೊಡ್ಡ ಕಾಟ ನಾಯಿಗಳದ್ದೇ. ಟಿಟ್ಟಿಭಕ್ಕೋ ನೆಲಗುಬ್ಬಿಗೋ ಮೊಟ್ಟೆ ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಗೂಡಿನ ಹತ್ತಿರ ಕ್ಯಾಮೆರಾ ಹಿಡಿದು ಹೋಗಬೇಡಿ ಎಂದು ಹೊಸಬರಿಗೆ ಹೇಳಿ ಹೇಳಿ ನಮಗೆ ಸಾಕಾಗಿದೆ. ಹೀಗಿರುವಾಗ ಮರಿ ಮಾಡುವ ಕಾಲದಲ್ಲಿ ಬೇಟೆ ತಳಿಯ ನಾಯಿಯನ್ನೇ ಕರೆದುಕೊಂಡು ಹೋಗಿ, ತಾಯಿಯನ್ನು ಎಬ್ಬಿಸಿ, ದಿನದ ಮರಿಯನ್ನು ಕೈಯಲ್ಲಿ ಹಿಡಿಯುವುದು ಸರಿಯೇ? ತಾಯಿ ಮರಳಿ ಬರದಿದ್ದರೆ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು.

ಲಾನ್ಸಿಂಗ್‌ವಾಸಿ · ಏಪ್ರಿಲ್ 11

@ಹೆಸರಘಟ್ಟ_ಹಕ್ಕಿ ನೀವು ಕೇಳಿದ್ದು ನೂರಕ್ಕೆ ನೂರು ಸರಿ. ಈ ಪ್ರಶ್ನೆ ಕೇಳಿಕೊಳ್ಳದವರು ಈ ಕೆಲಸಕ್ಕೆ ಬರಬಾರದು ಅಂತಲೇ ನನ್ನ ಅಭಿಪ್ರಾಯ. ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲನೇದಾಗಿ ಕಾನೂನು. ಮಿಷಿಗನ್‌ನಲ್ಲಿ ಏಪ್ರಿಲ್ 16ರಿಂದ ಜುಲೈ 7ರವರೆಗೆ ಕಾಡುಹಕ್ಕಿಗಳ ಮೇಲೆ ನಾಯಿಗೆ ತರಬೇತಿ ಕೊಡೋ ಹಾಗಿಲ್ಲ. ನೆಲದಲ್ಲಿ ಗೂಡು ಮಾಡೋ ಹಕ್ಕಿಗಳನ್ನು ಕಾಪಾಡೋದಕ್ಕೇ ಆ ನಿಯಮ. ಉಂಗುರ ತೊಡಿಸೋರಿಗೆ ಮಾತ್ರ ವಿಶೇಷ ಅನುಮತಿ. ವುಡ್‌ಕಾಕ್ ವಲಸೆ ಹಕ್ಕಿ ಆಗಿರೋದ್ರಿಂದ 1918ರ ವಲಸೆ ಹಕ್ಕಿ ಒಪ್ಪಂದದ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ. ಮೇರಿಲ್ಯಾಂಡ್‌ನಲ್ಲಿರೋ ಕೇಂದ್ರ ಸರ್ಕಾರದ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ಪರವಾನಗಿ ಇಲ್ಲದೆ ಉಂಗುರ ಹಾಕೋದು ಅಪರಾಧ. ಆ ಪರವಾನಗಿ ಅರ್ಜಿ ಹಾಕಿದ ಕೂಡಲೇ ಸಿಗೋದಲ್ಲ. ಅನುಭವಿಗಳ ಹಿಂದೆ ತಿರುಗಿ ಕಲೀಬೇಕು. ನಾನು ಕಲಿತದ್ದು ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ. ಮೊದಲ ವಸಂತ ಪೂರ್ತಿ ಅವರ ನಾಯಿ, ಅವರ ಕೈ. ನನ್ನದು ಬರೀ ನೋಡೋದು, ಚೀಲ ಹಿಡಿಯೋದು, ಬರೆದುಕೊಳ್ಳೋದು.

ಇನ್ನು ಕಾಡಿನಲ್ಲಿ ಏನಾಗುತ್ತೆ ಅನ್ನೋದು. ಹೊನ್ನಿ ಕೊರಳಲ್ಲಿ ಗಂಟೆ ಇರುತ್ತೆ. ಗಂಟೆ ಸದ್ದು ನಿಂತ ಕೂಡಲೇ ನಾವೂ ನಿಲ್ತೀವಿ. ಕೊರಳಪಟ್ಟಿಯ ಜಿಪಿಎಸ್ ತೋರಿಸೋ ಜಾಗ ನೋಡಿಕೊಂಡು ನಿಧಾನವಾಗಿ ಅವಳ ಹತ್ತಿರ ಹೋದರೆ, ಮುಂಗಾಲೊಂದು ಮಡಚಿ, ಬಾಲ ನೆಟ್ಟಗೆ ಮಾಡಿ ನಿಂತಿರ್ತಾಳೆ. ಮೂಗಿನ ಹೊಳ್ಳೆ ಮಾತ್ರ ಅಲುಗಾಡ್ತಾ ಇರುತ್ತೆ, ಪಕ್ಕೆ ಸಣ್ಣಗೆ ನಡುಗುತ್ತೆ. ನಾವು ಅವಳ ಮುಂದೆ ನೇರವಾಗಿ ಹೋಗಲ್ಲ. ದೊಡ್ಡ ಸುತ್ತು ಹಾಕಿ, ನೆಲವನ್ನೇ ನೋಡಿಕೊಂಡು ಹೆಜ್ಜೆ ಇಡ್ತೀವಿ. ತಾಯಿ ಎಷ್ಟೋ ಸಲ ಕೈಗೆಟಕೋ ದೂರದಲ್ಲೇ ಕೂತಿರುತ್ತೆ, ನಮಗೆ ಕಾಣೋದು ಕಪ್ಪನೆ ಕಣ್ಣು ಒಂದೇ.

ತಾಯಿ ಹಾರೋ ರೀತಿಯಲ್ಲೇ ಎಲ್ಲ ಗೊತ್ತಾಗಿಬಿಡುತ್ತೆ. ಒಂಟಿ ಹಕ್ಕಿ ಆದ್ರೆ ರೆಕ್ಕೆ ಸಿಳ್ಳೆ ಹಾಕ್ತಾ ಮರದ ಮೇಲಕ್ಕೆ ಜಿಗಿದು ಹೊರಟುಹೋಗುತ್ತೆ. ಮರಿ ಇರೋ ತಾಯಿ ಹಾಗಲ್ಲ. ಕಾಲು ಇಳಿಬಿಟ್ಟುಕೊಂಡು, ಬಾಲ ಬಗ್ಗಿಸಿ, ಹಾರೋಕೆ ಆಗದೇ ಇರೋ ಹಾಗೆ ನಟಿಸ್ತಾ ತೀರಾ ತಗ್ಗಿನಲ್ಲಿ ತೇಲಿ ಸ್ವಲ್ಪ ದೂರದಲ್ಲಿ ಬೀಳುತ್ತೆ. ಅಲ್ಲಿ ರೆಕ್ಕೆ ಬಡಿದುಕೊಂಡು ಒದ್ದಾಡುತ್ತೆ. ನಮ್ಮನ್ನೂ ನಾಯಿಯನ್ನೂ ತನ್ನ ಹಿಂದೆ ಎಳೆಯೋ ಪ್ರಯತ್ನ ಅದು. ಇಂಥ ಹೊತ್ತಲ್ಲಿ ನಾಯಿ ಒಂದು ಹೆಜ್ಜೆಯೂ ಕದಲಬಾರದು. ಹೊನ್ನಿ ಕದಲಲ್ಲ. ಮೊದಲು ಅವಳನ್ನು ಪಟ್ಟಿ ಹಿಡಿದು ಹಿಂದಕ್ಕೆ ಕರೆತಂದು ದೂರದ ಮರಕ್ಕೆ ಕಟ್ತೀವಿ. ಆಮೇಲೇ ಹುಡುಕಾಟ.

ಪಾದ ಎತ್ತೋ ಮುಂಚೆ ಪಾದದ ಸುತ್ತ ನೋಡಬೇಕು. ಮರಿಗಳು ಓಡಲ್ಲ, ಎಲೆಗಳ ಮೇಲೆ ಚಪ್ಪಟೆಯಾಗಿ ಕೂತುಬಿಡ್ತವೆ. ಒಂದು ಕಂಡಿತು ಅಂದ್ರೆ ಉಳಿದವೂ ಆಸುಪಾಸಲ್ಲೇ ಇರ್ತವೆ. ಎತ್ತಿ ಬಟ್ಟೆ ಚೀಲಕ್ಕೆ ಹಾಕಿದರೆ ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಿರ್ತವೆ. ಒಂದೊಂದನ್ನೇ ಹೊರತೆಗೆದು ಕೊಕ್ಕಿನ ಉದ್ದ ಅಳೆದು, ಉಂಗುರ ತೊಡಿಸಿ, ನಂಬರ್ ಬರೆದುಕೊಂಡು ಎಲ್ಲವನ್ನೂ ಒಟ್ಟಿಗೆ ಸಿಕ್ಕ ಜಾಗದಲ್ಲೇ ಬಿಡ್ತೀವಿ. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಬಂದ ದಾರಿಯಲ್ಲೇ ವಾಪಸ್. ತಾಯಿ ಇಷ್ಟು ಹೊತ್ತೂ ಹತ್ತಿರದಲ್ಲೇ ಇರುತ್ತೆ, ನಾವು ಹೊರಟ ಮೇಲೆ ಮರಿಗಳನ್ನು ಕರೆಯೋ ಸದ್ದು ಎಷ್ಟೋ ಸಲ ಕೇಳಿಸುತ್ತೆ.

ಮಳೆ ಬಂದರೆ ಹೋಗಲ್ಲ. ಚಳಿ ಇದ್ದರೆ ಹೋಗಲ್ಲ. ನೆನೆದ ಮರಿ ತಾಯಿಯ ಶಾಖ ಇಲ್ಲದೆ ಬಹಳ ಹೊತ್ತು ಬದುಕಲ್ಲ. ಗೂಡಿನಲ್ಲಿ ಇನ್ನೂ ಮೊಟ್ಟೆ ಇದ್ದರೆ ಜಾಗ ಗುರುತು ಹಾಕಿಕೊಂಡು ತಕ್ಷಣ ಹಿಂದಕ್ಕೆ. ಕೆಂಚನನ್ನು ಈ ಕೆಲಸಕ್ಕೆ ಕರೆದುಕೊಂಡೇ ಹೋಗಲ್ಲ. ಅವನಿಗೆ ಮೂಗು ಅದ್ಭುತವಾಗಿದೆ, ಆದರೆ ನಿಲುವು ಇನ್ನೂ ಬಂದಿಲ್ಲ. ಅಷ್ಟು ಸಾಕು ಅವನನ್ನು ಮನೆಯಲ್ಲಿ ಬಿಡೋದಕ್ಕೆ.

ಬೀದಿನಾಯಿ ಗೂಡಿಗೆ ನುಗ್ಗೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ ಅಂತ ನಾನು ನಂಬಿದ್ದೀನಿ. ಆದರೂ ನಮ್ಮಿಂದ ಹಕ್ಕಿಗೆ ತೊಂದರೆ ಆಗೋದೇ ಇಲ್ಲ ಅಂತ ಹೇಳಲಾರೆ. ಪ್ರತಿ ಸಲ ತಾಯಿ ಗಾಬರಿ ಬೀಳುತ್ತೆ. ಆ ಗಾಬರಿಗೆ ತಕ್ಕ ಪ್ರಯೋಜನ ಆ ಜಾತಿಗೇ ಆಗಬೇಕು, ಇಲ್ಲದಿದ್ದರೆ ಮಾಡಬಾರದು.

ಹೆಸರಘಟ್ಟ_ಹಕ್ಕಿ · ಏಪ್ರಿಲ್ 11

ವಿವರಕ್ಕೆ ಧನ್ಯವಾದ. ತರಬೇತಿಗೆ ನಿಷೇಧ, ಉಂಗುರಕ್ಕೆ ಮಾತ್ರ ಅನುಮತಿ ಎಂಬ ವ್ಯವಸ್ಥೆ ಒಪ್ಪುವಂಥದ್ದು. ಈಗ ನಿಮ್ಮ ಕೊನೆಯ ಸಾಲನ್ನೇ ಹಿಡಿದು ಕೇಳುತ್ತೇನೆ. ಆ ಪ್ರಯೋಜನ ಏನು? ಉಂಗುರದ ಸುದ್ದಿ ವಾಪಸ್ ಬರುವುದು ಹೆಚ್ಚಾಗಿ ಬೇಟೆಗಾರರಿಂದ ತಾನೇ?

ಲಾನ್ಸಿಂಗ್‌ವಾಸಿ · ಏಪ್ರಿಲ್ 12

ಹೌದು, ಹೆಚ್ಚಿನವು ಬೇಟೆಗಾರರಿಂದಲೇ. ಇಲ್ಲಿ ಶರತ್ಕಾಲದಲ್ಲಿ 45 ದಿನ ಬೇಟೆಗೆ ಅವಕಾಶ ಇದೆ, ದಿನಕ್ಕೆ ಒಬ್ಬರಿಗೆ 3 ಹಕ್ಕಿ. ನಾನು ಬಂದೂಕು ಹಿಡಿಯಲ್ಲ. ಆದರೆ ನನಗೆ ಕಲಿಸಿದ ಮೇಷ್ಟ್ರು ಬೇಟೆಗಾರರೇ, ಮತ್ತು ಈ ಹಕ್ಕಿಯ ಕಾಡು ಉಳಿಸೋಕೆ ಅವರಷ್ಟು ದುಡಿದವರನ್ನು ನಾನು ನೋಡಿಲ್ಲ. ಇದರಲ್ಲಿ ನಮ್ಮ ನಮ್ಮಲ್ಲೇ ಅಭಿಪ್ರಾಯ ಬೇರೆ ಇರಬಹುದು, ಇರಲಿ.

ಪ್ರಯೋಜನಕ್ಕೆ ಬರ್ತೀನಿ. ವುಡ್‌ಕಾಕ್ ಎಣಿಸೋದು ಕಷ್ಟ. ಹಗಲಲ್ಲಿ ಕಾಣಲ್ಲ. ಹಾಗಾಗಿ ಗಂಡು ಹಕ್ಕಿಯ ಸಂಜೆ ಕುಣಿತವನ್ನು ಹಿಡಿದು ಎಣಿಸ್ತಾರೆ. ಸೂರ್ಯ ಮುಳುಗಿದ ಮೇಲೆ ಗಂಡು ಒಂದು ಬಯಲಿನಲ್ಲಿ ಕೂತು ಮೂಗಿನಲ್ಲಿ 'ಪೀಂಟ್, ಪೀಂಟ್' ಅಂತ ಕೂಗುತ್ತೆ. ಆಮೇಲೆ ಸುರುಳಿ ಸುರುಳಿಯಾಗಿ ನೂರು ಅಡಿ, ಇನ್ನೂರು ಅಡಿ ಮೇಲೇರುತ್ತೆ. ರೆಕ್ಕೆಯ ಹೊರತುದಿಯ ಮೂರು ಗರಿಗಳು ಬಹಳ ಸಪೂರ, ಗಾಳಿ ಅವುಗಳ ನಡುವೆ ನುಗ್ಗಿ ಚಿಲಿಪಿಲಿ ಅನ್ನಿಸುತ್ತೆ. ಮೇಲಿಂದ ಅಂಕುಡೊಂಕಾಗಿ ಇಳಿದು ಮತ್ತೆ ಅದೇ ಜಾಗಕ್ಕೆ. 1968ರಿಂದ ಪ್ರತಿ ವಸಂತ ಅಮೆರಿಕ, ಕೆನಡಾ ಎರಡೂ ಕಡೆ ಗೊತ್ತುಮಾಡಿದ ರಸ್ತೆಗಳಲ್ಲಿ ಈ ಕೂಗು ಎಣಿಸ್ತಾರೆ: 3.6 ಮೈಲಿ ದಾರಿ, 10 ನಿಲುಗಡೆ, ಒಂದೊಂದರಲ್ಲೂ 2 ನಿಮಿಷ. ಸಂಖ್ಯೆ ವರ್ಷಕ್ಕೆ ಹತ್ತಿರಹತ್ತಿರ ಶೇಕಡಾ 1ರಷ್ಟು ಇಳೀತಾ ಬಂದಿದೆ.

ಆದರೆ ಆ ಎಣಿಕೆಯಲ್ಲಿ ಸಿಗೋದು ಕೂಗೋ ಗಂಡುಗಳು ಮಾತ್ರ. ತಾಯಿ ಎಷ್ಟು ಮರಿ ಮಾಡಿತು, ಎಷ್ಟು ಉಳಿದವು, ಯಾವ ವರ್ಷ ಬೇಗ ಮೊಟ್ಟೆ ಇಟ್ಟಿತು, ಇದೆಲ್ಲ ಹೇಳೋದು ನಾವು ಬರೆದ ಕಾಗದ. ಒಂದು ಲೆಕ್ಕ ತೋರಿಸ್ತೀನಿ. ಮೊಟ್ಟೆಯಿಂದ ಹೊರಬಂದಾಗ ಕೊಕ್ಕು ಸುಮಾರು 14 ಮಿಲಿಮೀಟರ್, ದಿನಕ್ಕೆ 2 ಮಿಲಿಮೀಟರ್ ಬೆಳೆಯುತ್ತೆ. ಮೇ 8ರಂದು ಸಿಕ್ಕ ಮರಿಯ ಕೊಕ್ಕು 24 ಮಿಲಿಮೀಟರ್ ಇದ್ದರೆ, 24ರಿಂದ 14 ಕಳೆದು ಎರಡರಿಂದ ಭಾಗಿಸಿ. ಮರಿಗೆ 5 ದಿನ. ಅಂದ್ರೆ ಮೇ 3ಕ್ಕೆ ಹೊರಬಂದಿದೆ, ಏಪ್ರಿಲ್ ಎರಡನೇ ವಾರದಲ್ಲಿ ತಾಯಿ ಕಾವಿಗೆ ಕೂತಿದೆ. ಆಗ ಇಲ್ಲಿ ನೆರಳಿನ ಜಾಗಗಳಲ್ಲಿ ಇನ್ನೂ ಹಿಮ ಇರುತ್ತೆ! ಒಂದು ಸಣ್ಣ ಅಳತೆಪಟ್ಟಿಯಿಂದ ಇಷ್ಟು ತಿಳಿಯುತ್ತೆ. ಅರವತ್ತಕ್ಕೂ ಹೆಚ್ಚು ವಸಂತಗಳ ಇಂಥ ಅಳತೆ ಒಂದೇ ಕಡೆ ಕೂಡಿಕೊಂಡಿದೆ ಅಂದ್ರೆ ಅದರ ಬೆಲೆ ಯೋಚನೆ ಮಾಡಿ.

ಎಷ್ಟು ಗಂಟೆ ಹುಡುಕಿದ್ವಿ, ಎಷ್ಟು ಸಂಸಾರ ಸಿಕ್ಕವು ಅನ್ನೋದನ್ನೂ ಬರೀತೀವಿ. ಏನೂ ಸಿಗದ ದಿನವನ್ನೂ ತಪ್ಪದೇ ಬರೀಬೇಕು. ಸಿಕ್ಕಿದ್ದನ್ನು ಮಾತ್ರ ಬರೆದ್ರೆ ಲೆಕ್ಕ ಸುಳ್ಳಾಗುತ್ತೆ.

ಇಳಿಕೆಗೆ ಮುಖ್ಯ ಕಾರಣ ಎಳೆಯ ಕಾಡು ಕಡಿಮೆ ಆಗಿರೋದು. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಈ ಹಕ್ಕಿಗೆ ಬೇಕಾಗಿರೋದು ಹಳೇ ದೊಡ್ಡ ಮರಗಳಲ್ಲ, ಕಡಿದ ಮೇಲೆ ಬೇರಿನಿಂದ ಚಿಗುರಿ ಒತ್ತಾಗಿ ಎದ್ದ ಆಸ್ಪೆನ್ ಮತ್ತು ಆಲ್ಡರ್ ಪೊದೆ. ಅದಕ್ಕೇ ಇಲ್ಲಿ ಆಸ್ಪೆನ್ ಕಾಡನ್ನು ತುಂಡು ತುಂಡಾಗಿ, ಬೇರೆಬೇರೆ ವರ್ಷಗಳಲ್ಲಿ ಕಡೀತಾರೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದ್ದು. 2017ರಿಂದ ಮೇನ್ ರಾಜ್ಯದ ವಿಶ್ವವಿದ್ಯಾಲಯದವರು ಬೇರೆ ರಾಜ್ಯಗಳ ಜೊತೆಗೂಡಿ ವುಡ್‌ಕಾಕ್‌ಗಳ ಬೆನ್ನಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಜಾಡು ಹಿಡೀತಿದ್ದಾರೆ. ಆ ಮಾಹಿತಿ ಇಟ್ಟುಕೊಂಡು ರೋಡ್ ಐಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಾಡು ಹಿಡಿದ ಹೆಣ್ಣುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಒಂದೇ ವಸಂತದಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೂಡು ಮಾಡಿದವು. ಅದೂ ವಲಸೆಯ ದಾರಿಯಲ್ಲೇ! ದಕ್ಷಿಣದಲ್ಲಿ ಒಂದು ಗೂಡು ಮಾಡಿ, ನೂರಾರು ಕಿಲೋಮೀಟರ್ ಉತ್ತರಕ್ಕೆ ಹೋಗಿ ಇನ್ನೊಂದು. ಹೊನ್ನಿ ಮೂಗಿನ ಮುಂದೆ ಕೂತಿರೋ ತಾಯಿ ಈ ವರ್ಷ ಆಗಲೇ ಬೇರೆ ರಾಜ್ಯದಲ್ಲಿ ಮೊಟ್ಟೆ ಇಟ್ಟು ಬಂದಿರಬಹುದು. ಟ್ರಾನ್ಸ್‌ಮಿಟರ್ ಬಂತು, ಇನ್ನು ಉಂಗುರ ಯಾಕೆ ಅಂತ ಕೇಳೋರಿದ್ದಾರೆ. ಮರಿಗೆ ಟ್ರಾನ್ಸ್‌ಮಿಟರ್ ಹೊರಿಸೋಕೆ ಆಗಲ್ಲ, ಉಂಗುರ ತೊಡಿಸಬಹುದು.

ಪಾಯಿಂಟರ್_ಗೌಡ · ಏಪ್ರಿಲ್ 14

ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ. ಲಾನ್ಸಿಂಗ್ ಮೇಡಂ, ನೀವು ಸ್ಪರ್ಧೆ ವಿಷಯ ಆಮೇಲೆ ಅಂದ್ರಿ, ನಾನೇ ಶುರು ಮಾಡ್ತೀನಿ.

ನಮ್ಮನೇಲಿ ಇಂಗ್ಲಿಷ್ ಪಾಯಿಂಟರ್‌ಗಳು. ನಾನು ಓಡಿಸೋದು ಕವರ್ ಡಾಗ್ ಫೀಲ್ಡ್ ಟ್ರಯಲ್. ಗ್ಲಾಡ್ವಿನ್ ಕಾಡಿನಲ್ಲಿ, ನಿಜವಾದ ಕಾಡುಕೋಳಿ ಗ್ರೌಸ್ ಮತ್ತು ವುಡ್‌ಕಾಕ್ ಮೇಲೆ. ಗೊತ್ತಿಲ್ಲದವರಿಗೆ: ನಾಯಿಗಳನ್ನು ಜೋಡಿಯಾಗಿ ಬಿಡ್ತಾರೆ, ತೀರ್ಪುಗಾರರು ಹಿಂದೆ ಬರ್ತಾರೆ. ನಾಯಿ ಪಾಯಿಂಟ್ ಮಾಡಿದ್ರೆ ನಾವು ಹಕ್ಕಿ ಎಬ್ಬಿಸಿ ಗುಂಡಿಲ್ಲದೆ ಸದ್ದು ಮಾತ್ರ ಮಾಡೋ ಪಿಸ್ತೂಲು ಹಾರಿಸ್ತೀವಿ, ನಾಯಿ ಅಲುಗಾಡಬಾರದು. ಜೊತೆ ನಾಯಿ ಪಾಯಿಂಟ್ ಮಾಡಿದ್ದು ಕಂಡ್ರೆ ತಾನೂ ನಿಂತು ಮರ್ಯಾದೆ ಕೊಡಬೇಕು. ಒಂದೇ ಒಂದು ಹಕ್ಕಿಯೂ ಸಾಯಲ್ಲ. ಅದೂ ಏಪ್ರಿಲ್ ನಡುಭಾಗಕ್ಕೆ ಮುಗಿದುಹೋಗುತ್ತೆ.

ನನ್ನ ತಕರಾರು ಏನಪ್ಪಾ ಅಂದ್ರೆ, ಉಂಗುರದ ಕೆಲಸಕ್ಕೆ ಹಾಕಿದ ನಾಯಿ ಓಟ ಮರೆತುಬಿಡುತ್ತೆ. ಕಾಲಡಿಯಲ್ಲೇ ಮೂಸಿಕೊಂಡು, ಯಜಮಾನನ ಮುಖ ನೋಡಿಕೊಂಡು ಇರುತ್ತೆ. ತೀರ್ಪುಗಾರರು ಬಯಸೋದು ಧೈರ್ಯವಾಗಿ ಮುಂದೆ ನುಗ್ಗಿ, ಹಕ್ಕಿ ಇರೋ ಜಾಗ ತಾನೇ ಊಹಿಸಿ ಹೋಗೋ ನಾಯಿ. ನನ್ನ ಹೆಣ್ಣುನಾಯಿಯನ್ನು ಉಂಗುರಕ್ಕೆ ಕರೀತಾರೆ, ನಾನು ಕೊಡಲ್ಲ. ಹೊನ್ನಿ ಒಳ್ಳೇ ನಾಯಿ ಅಂತ ಕೇಳಿದ್ದೀನಿ. ಅವಳನ್ನು ಸ್ಪರ್ಧೆಯಿಂದ ದೂರ ಇಟ್ಟು ಅವಳ ಶಕ್ತಿ ವ್ಯರ್ಥ ಮಾಡ್ತಿದ್ದೀರಾ ಅನ್ನಿಸುತ್ತೆ. ಬೇಜಾರು ಮಾಡ್ಕೋಬೇಡಿ.

ಲಾನ್ಸಿಂಗ್‌ವಾಸಿ · ಏಪ್ರಿಲ್ 15

ಗೌಡ್ರೇ, ಬೇಜಾರಿಲ್ಲ. ನಿಮ್ಮ ಪಾಯಿಂಟರ್‌ಗಳು ಓಡೋದನ್ನು ನೋಡಿದ್ದೀನಿ, ಆ ಓಟ ನೋಡಿದವರು ಅದನ್ನು ಸಣ್ಣ ಮಾತಾಡಲ್ಲ. ಆದರೆ ಒಪ್ಪಲ್ಲ.

ಟ್ರಯಲ್‌ನಲ್ಲಿ ನಾಯಿಗೆ ಎದುರಾಳಿ ಇನ್ನೊಂದು ನಾಯಿ. ಅವತ್ತು ಬಂದವುಗಳಲ್ಲಿ ಯಾವುದು ಮೇಲು ಅನ್ನೋದು ತೀರ್ಪು. ನಾನು ಹೋಗೋದು ಹೆಚ್ಚಾಗಿ ನಾವ್ಡಾ (NAVHDA, ಉತ್ತರ ಅಮೆರಿಕದ ಬೇಟೆನಾಯಿ ಸಂಘ) ನಡೆಸೋ ಪರೀಕ್ಷೆಗಳಿಗೆ. 1969ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ನಾಯಿಯನ್ನು ಇನ್ನೊಂದು ನಾಯಿ ಜೊತೆ ಹೋಲಿಸಲ್ಲ, ಗೊತ್ತುಮಾಡಿದ ಮಟ್ಟ ಮುಟ್ಟಿತಾ ಅಂತ ನೋಡ್ತಾರೆ. ಕೆಂಚ ಈ ಸಲ ಹೋಗ್ತಿರೋದು ಸಹಜ ಸಾಮರ್ಥ್ಯದ ಪರೀಕ್ಷೆಗೆ, 16 ತಿಂಗಳೊಳಗಿನ ಮರಿಗಳಿಗೆ. ಏಳು ವಿಷಯ, ಒಂದೊಂದಕ್ಕೂ 4ರವರೆಗೆ ಅಂಕ, ಅದಕ್ಕೆ ಬೇರೆಬೇರೆ ತೂಕ. ಮೂಗಿಗೆ 6ರಷ್ಟು, ಹುಡುಕಾಟಕ್ಕೂ ನೀರಿಗೂ 5ರಷ್ಟು, ಪಾಯಿಂಟಿಗೂ ಉತ್ಸಾಹಕ್ಕೂ 4ರಷ್ಟು, ಜಾಡು ಹಿಡಿಯೋದಕ್ಕೂ ಸಹಕಾರಕ್ಕೂ 2ರಷ್ಟು. ಎಲ್ಲ ಸೇರಿ ಪೂರ್ಣಾಂಕ 112. ಈ ತೂಕ ನೋಡಿದ್ರೆ ಗೊತ್ತಾಗುತ್ತೆ, ಹುಟ್ಟಿನಿಂದ ಬಂದಿರೋದು ಏನು ಅಂತ ಅಳೆಯೋದೇ ಉದ್ದೇಶ. ಹಕ್ಕಿ ಹಾರಿದಾಗ ಓಡಬಾರದು ಅನ್ನೋದು ಈ ಹಂತದಲ್ಲಿ ಬೇಕಿಲ್ಲ, ಅದು ಬರೋದು ದೊಡ್ಡ ನಾಯಿಗಳ ಯುಟಿಲಿಟಿ ಪರೀಕ್ಷೆಯಲ್ಲಿ, 204 ಅಂಕದ್ದು.

ಹೊನ್ನಿ ಯುಟಿಲಿಟಿ ಪಾಸಾಗಿದ್ದು ಉಂಗುರದ ಕೆಲಸಕ್ಕೆ ಇಳಿದ ಮೇಲೇ. ಮೈದಾನದಲ್ಲಿ ಇಟ್ಟ ಚುಕಾರ್ ಹಕ್ಕಿ ಮುಂದೆ ನಿಲ್ಲೋದು ಅವಳಿಗೆ ಏನೂ ಅನ್ನಿಸಲಿಲ್ಲ. ರೆಕ್ಕೆ ಮುರಿದ ಹಾಗೆ ಕಣ್ಣೆದುರೇ ಹೊರಳಾಡೋ ತಾಯಿ ಹಕ್ಕಿಯನ್ನು ನೋಡಿಯೂ ನಿಂತವಳು ಅವಳು. ಅದಕ್ಕಿಂತ ದೊಡ್ಡ ಆಸೆ ಯಾವ ತೀರ್ಪುಗಾರರೂ ನಾಯಿ ಮುಂದೆ ಇಡೋಕಾಗಲ್ಲ.

ಓಟದ ವಿಷಯಕ್ಕೆ. ಹೌದು, ಮೇ ತಿಂಗಳಲ್ಲಿ ಅವಳು ಹತ್ತಿರದಲ್ಲೇ ನಿಧಾನವಾಗಿ ಹುಡುಕ್ತಾಳೆ. ಆದರೆ ಕೊರಳ ಗಂಟೆ ಬದಲಿಸಿ ಬೇರೆ ಕಾಡಿಗೆ ಬಿಟ್ಟರೆ ಶರತ್ಕಾಲದಲ್ಲಿ ಗುಡ್ಡದಾಚೆ ಹೋಗ್ತಾಳೆ. ನಾಯಿಗೆ ಕೆಲಸ ಕೆಲಸದ ವ್ಯತ್ಯಾಸ ಗೊತ್ತಾಗುತ್ತೆ ಗೌಡ್ರೇ. ಒಂದುವೇಳೆ ಅವಳ ಓಟ ಸ್ವಲ್ಪ ಕಡಿಮೆ ಆಗಿ ಬಹುಮಾನದ ಕಪ್ ಬರದೇ ಹೋದರೂ ನನಗೆ ಚಿಂತೆ ಇಲ್ಲ. ವಾರಾಂತ್ಯ ಒಂದೇ ಇದ್ದು ಒಂದು ಕಡೆ ಸ್ಪರ್ಧೆ, ಇನ್ನೊಂದು ಕಡೆ ಮರಿ ಹೊರಬರೋ ಕಾಲ ಇದ್ದರೆ ನಾನು ಕಾಡಿಗೇ ಹೋಗ್ತೀನಿ. ಸ್ಪರ್ಧೆ ಮುಂದಿನ ತಿಂಗಳೂ ಇರುತ್ತೆ, ಆ ಮರಿಗಳು ಎರಡೂವರೆ ವಾರದಲ್ಲಿ ಹಾರಿಹೋಗ್ತವೆ.

ಪಾಯಿಂಟರ್_ಗೌಡ · ಏಪ್ರಿಲ್ 15

ಎಲ್ಲ ನಾಯಿಗೂ ಆ ವ್ಯತ್ಯಾಸ ಗೊತ್ತಾಗುತ್ತೆ ಅನ್ನೋದನ್ನು ನಾನಿನ್ನೂ ಒಪ್ಪಿಲ್ಲ. ಆದರೆ ತಾಯಿ ಹಕ್ಕಿ ನಾಟಕದ ಮುಂದೆ ನಿಲ್ಲೋ ಮಾತಿದೆಯಲ್ಲ, ಅದು ತೂಕದ ಮಾತು. ನನ್ನ ಹಳೇ ಗಂಡುನಾಯಿ ಟ್ರಯಲ್‌ನಿಂದ ನಿವೃತ್ತ, ಕಂಬದ ಹಾಗೆ ನಿಲ್ತಾನೆ. ಅವನನ್ನು ಕರ್ಕೊಂಡು ಮೇ ಮೊದಲ ವಾರ ನಿಮ್ಮ ಜೊತೆ ನೋಡೋದಕ್ಕೆ ಬರಬಹುದಾ?

ಲಾನ್ಸಿಂಗ್‌ವಾಸಿ · ಏಪ್ರಿಲ್ 15

ಖಂಡಿತ ಬನ್ನಿ. ಅವನು ಈ ವರ್ಷ ಕಾರಿನಲ್ಲೇ ಇರಬೇಕಾಗುತ್ತೆ, ಪರವಾನಗಿ ನಿಯಮ. ನೀವು ಚೀಲ ಹಿಡೀರಿ.

ಶಿರಸಿ_ಪಶುವೈದ್ಯೆ · ಏಪ್ರಿಲ್ 18

ಒಂದು ಪ್ರಾಯೋಗಿಕ ವಿಷಯ. ನೀವು ಓಡಾಡುವ ಪೊದೆಗಳಲ್ಲಿ ಉಣುಗು ಎಷ್ಟಿರುತ್ತವೆ? ನಮ್ಮ ಮಲೆನಾಡಿನಲ್ಲಿ ಉಣುಗು ಅಂದರೆ ಜನಕ್ಕೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಇಂದಿಗೂ ಬೇಸಿಗೆಗೆ ಮುಂಚೆ ಕಾಡಿಗೆ ಹೋಗುವವರಿಗೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಎಂದು ಹೇಳುತ್ತಲೇ ಇರುತ್ತೇವೆ. ನಿಮ್ಮಲ್ಲಿ ಲೈಮ್ ಕಾಯಿಲೆ ಇದೆಯಲ್ಲವೇ? ನಾಯಿಗೆ ಏನು ಮಾಡುತ್ತೀರಿ?

ಲಾನ್ಸಿಂಗ್‌ವಾಸಿ · ಏಪ್ರಿಲ್ 18

ಡಾಕ್ಟ್ರೇ, ವಿಪರೀತ. ಕಪ್ಪು ಕಾಲಿನ ಉಣುಗು ಲೈಮ್ ಹರಡುತ್ತೆ. ಎರಡೂ ನಾಯಿಗೆ ಲೈಮ್ ಲಸಿಕೆ ಹಾಕಿಸಿದೆ, ಉಣುಗಿನ ಮಾತ್ರೆ ಕೊಡ್ತೀವಿ. ಸೆಟ್ಟರ್‌ಗೆ ಉದ್ದ ಕೂದಲು, ಕಾಡಿನಿಂದ ಬಂದ ಕೂಡಲೇ ಕಿವಿಯ ಒಳಗೆ, ಕಂಕುಳು, ಕಾಲ್ಬೆರಳ ಸಂದು ಎಲ್ಲ ಬೆರಳಾಡಿಸಿ ನೋಡ್ತೀನಿ. ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯೋದು, ತಿರುಚೋದಿಲ್ಲ. ಮುಳ್ಳುಹಂದಿ ಕಾಟವೂ ಇದೆ. ಅದಕ್ಕೆ ಇಕ್ಕಳ ಜೇಬಿನಲ್ಲೇ.

ಶಿರಸಿ_ಪಶುವೈದ್ಯೆ · ಏಪ್ರಿಲ್ 19

ಸರಿಯಾಗಿ ಮಾಡುತ್ತಿದ್ದೀರಿ. ನಿಮ್ಮನ್ನೂ ನೋಡಿಕೊಳ್ಳಿ, ನಾಯಿಯನ್ನಷ್ಟೇ ಅಲ್ಲ.

ಕಾಫಿತೋಟ_ಮಡಿಕೇರಿ · ಏಪ್ರಿಲ್ 23

ಇಷ್ಟು ದಿನ ಓದುತ್ತಾ ಇದ್ದೆ. ವುಡ್‌ಕಾಕ್ ಎಂದ ಕೂಡಲೇ ನಮ್ಮ ತಾತ ಹೇಳುತ್ತಿದ್ದ ಮಾತು ನೆನಪಾಯಿತು. ಚಳಿಗಾಲದಲ್ಲಿ ನೀಲಗಿರಿಯ ಶೋಲಾ ಕಾಡುಗಳಿಗೆ ಬರುವ ವುಡ್‌ಕಾಕ್‌ಗೆ ಬ್ರಿಟಿಷ್ ಸಾಹೇಬರು ಸಿಕ್ಕಾಪಟ್ಟೆ ಬೆಲೆ ಕೊಡುತ್ತಿದ್ದರಂತೆ. ಅದು ಯುರೇಷಿಯನ್ ವುಡ್‌ಕಾಕ್, ನಿಮ್ಮದಕ್ಕಿಂತ ದೊಡ್ಡದು, ಹಿಮಾಲಯದಲ್ಲಿ ಮರಿ ಮಾಡಿ ಚಳಿಗೆ ದಕ್ಷಿಣದ ಬೆಟ್ಟಗಳಿಗೆ ಇಳಿಯುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆ ಎಲ್ಲ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹಕ್ಕಿಯ ಕಡೆ ನೋಡುವವರೂ ಇಲ್ಲವಾದರು. ನಮ್ಮಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದ ಹಕ್ಕಿಗಳಿಗೆ ಉಂಗುರ ಹಾಕುತ್ತಿದೆ, ತಮಿಳುನಾಡಿನ ಕೋಡಿಯಕರೈಯಲ್ಲಿ ಅವರ ಕೆಲಸ ದೊಡ್ಡದು. ಬೆಟ್ಟದ ಈ ಒಂಟಿ ಹಕ್ಕಿಗೂ ಯಾರಾದರೂ ಗಮನ ಕೊಟ್ಟರೆ ಚೆನ್ನಾಗಿತ್ತು. ತೋಟದ ತೊರೆಯ ಬದಿ ಸಂಜೆಹೊತ್ತು ಎದ್ದು ಹಾರುವ ಒಂದು ಹಕ್ಕಿಯನ್ನು ನಾವು ಸ್ನೈಪ್ ಅಂತಲೇ ಕರೆಯುತ್ತೇವೆ. ಬೇರೆ ಮಾಡಿ ಗುರುತಿಸುವುದು ಹೇಗೆ?

ಹೆಸರಘಟ್ಟ_ಹಕ್ಕಿ · ಏಪ್ರಿಲ್ 23

@ಕಾಫಿತೋಟ_ಮಡಿಕೇರಿ ಸರ್, ತಲೆಯ ಪಟ್ಟೆ ನೋಡಿ. ಸ್ನೈಪ್‌ಗೆ ಪಟ್ಟೆಗಳು ಕೊಕ್ಕಿನಿಂದ ಹಿಂದಕ್ಕೆ ಉದ್ದುದ್ದ ಹೋಗುತ್ತವೆ. ವುಡ್‌ಕಾಕ್‌ಗೆ ನೆತ್ತಿಯ ಮೇಲೆ ಅಡ್ಡಡ್ಡ ಇರುತ್ತವೆ. ಹಾರುವಾಗ ವುಡ್‌ಕಾಕ್ ದಪ್ಪಗೆ, ಅಗಲ ರೆಕ್ಕೆಯದಾಗಿ ಕಾಣುತ್ತದೆ. ಸ್ನೈಪ್ ಬಯಲಿನ ಕೆಸರಲ್ಲಿ, ವುಡ್‌ಕಾಕ್ ಮರದಡಿಯ ಕೆಸರಲ್ಲಿ. ಮುಂದಿನ ಡಿಸೆಂಬರ್‌ನಲ್ಲಿ ಕಂಡರೆ ದಯವಿಟ್ಟು ದಿನ, ಜಾಗ ಬರೆದು ಇಬರ್ಡ್‌ಗೆ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಿ. ಸಾಧ್ಯವಾದರೆ ನಾನೇ ಬರುತ್ತೇನೆ.

ಒಂಟಾರಿಯೊ_ರಾಯರು · ಮೇ 4

ನಮ್ಮ ಮನೆ ಹಿಂದಿನ ಬಯಲಲ್ಲಿ ದಿನಾ ಸಂಜೆ 'ಪೀಂಟ್' ಕೇಳುತ್ತಿತ್ತು, ಕಪ್ಪೆ ಅಂದುಕೊಂಡಿದ್ದೆವು. ಈ ಚರ್ಚೆ ಓದಿದ ಮೇಲೆ ಮನೆಯವರೆಲ್ಲ ಹೊರಗೆ ಕೂತು ನೋಡಿದೆವು. ಮಕ್ಕಳು ಕುಣಿದಾಡಿಬಿಟ್ಟರು. ಒಂದು ಪ್ರಶ್ನೆ: ಉಂಗುರ ಇರುವ ಸತ್ತ ಹಕ್ಕಿ ರಸ್ತೆ ಬದಿ ಸಿಕ್ಕರೆ ಕೆನಡಾದಲ್ಲಿ ಯಾರಿಗೆ ಹೇಳಬೇಕು?

ಲಾನ್ಸಿಂಗ್‌ವಾಸಿ · ಮೇ 5

@ಒಂಟಾರಿಯೊ_ರಾಯರು ಎರಡೂ ದೇಶಕ್ಕೆ ಒಂದೇ ವ್ಯವಸ್ಥೆ ರಾಯರೇ, ಉಂಗುರದ ನಂಬರ್‌ಗಳೂ ಒಂದೇ ಸಾಲಿನವು. ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ವೆಬ್‌ಸೈಟ್‌ನಲ್ಲಿ ನಂಬರ್, ದಿನ, ಜಾಗ ತುಂಬಿ. ಆ ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ಹಾಕಿದ್ದು ಅಂತ ನಿಮಗೂ ಪ್ರಮಾಣಪತ್ರ ಕಳಿಸ್ತಾರೆ. ಮಕ್ಕಳಿಗೆ ತೋರಿಸಿ. ಕುಣಿತ ನೋಡುವಾಗ ಟಾರ್ಚ್ ಬಿಡಬೇಡಿ, ಗಂಡು ಮೇಲೆ ಹಾರಿದಾಗ ಮಾತ್ರ ಜಾಗ ಬದಲಿಸಿ.

ಲಾನ್ಸಿಂಗ್‌ವಾಸಿ · ಮೇ 27

ಕೇಳಿದವರಿಗೆಲ್ಲ ಸುದ್ದಿ. ಮೇ ಮೊದಲ ವಾರ ಮಳೆ, ಚಳಿ ಎರಡೂ ಬಿಡಲಿಲ್ಲ, ಕಾಡಿಗೆ ಹೋಗೋ ಹಾಗೇ ಇರಲಿಲ್ಲ. ಆಮೇಲೆ ಬಿಸಿಲು ಬಂತು. ಗೌಡ್ರು ಬಂದಿದ್ದರು. ಹೊನ್ನಿ ಹಳೇ ಆಲ್ಡರ್ ಪೊದೆ ಅಂಚಿನಲ್ಲಿ ನಿಂತಳು, ತಾಯಿ ಕಾಲು ಇಳಿಬಿಟ್ಟು ಹಾರಿತು, ಮೂರು ಮರಿ ಬೇಗ ಸಿಕ್ಕವು. ನಾಲ್ಕನೇದನ್ನು ಕಂಡವರು ಗೌಡ್ರೇ. ಅವರ ಬೂಟಿನಿಂದ ಒಂದು ಗೇಣು ದೂರದಲ್ಲಿ, ಒಣಗಿದ ಜರೀಗಿಡದ ಕೆಳಗೆ. ಅಷ್ಟು ಹೊತ್ತೂ ಅವರು ಕಾಲು ಎತ್ತಿರಲಿಲ್ಲ. ನಾಲ್ಕಕ್ಕೂ ಕೊಕ್ಕು 28 ಮಿಲಿಮೀಟರ್ ಆಸುಪಾಸು, ಅಂದ್ರೆ ಒಂದು ವಾರದ ಮರಿಗಳು. ಚಳಿ ಮಳೆ ಮುಗಿದ ಮೇಲೆ ಹೊರಬಂದವು.

ಕೆಂಚನ ಪರೀಕ್ಷೆ ಜೂನ್‌ನಲ್ಲಿದೆ. ನೀರಿಗೆ ಇಳಿಯೋಕೆ ಇನ್ನೂ ಹಿಂಜರೀತಾನೆ, ದಿನಾ ಸಂಜೆ ಕೆರೆ ಕಡೆ ಹೋಗ್ತಾ ಇದ್ದೀವಿ.

ಪಾಯಿಂಟರ್_ಗೌಡ · ಮೇ 28

ಪರವಾನಗಿ ಕೆಲಸ ಕಲಿಯೋಕೆ ಮುಂದಿನ ವಸಂತಕ್ಕೆ ನನ್ನ ಹೆಸರೂ ಸೇರಿಸಿಕೊಳ್ಳಿ ಮೇಡಂ. ಟ್ರಯಲ್ ಬಿಡಲ್ಲ, ಅದು ಏಪ್ರಿಲ್ ನಡುಭಾಗಕ್ಕೆ ಮುಗಿಯುತ್ತೆ. ಮೇ ಖಾಲಿ ಇದೆ.

ಕೆಂಚನಿಗೆ ನೀರಿನ ವಿಷಯ: ನೀವೇ ಮೊಣಕಾಲುವರೆಗೆ ಇಳಿದು ನಿಂತು ಕರೀರಿ, ಬಲವಂತ ಬೇಡ. ಈಜೋ ನಾಯಿ ಜೊತೆ ಬಿಟ್ಟರೆ ಇನ್ನೂ ಬೇಗ. ಶನಿವಾರ ನಮ್ಮ ಹಳಬನನ್ನು ಕರ್ಕೊಂಡು ಬರ್ತೀನಿ.